ತಲೆಯಾಡಿಸಿದ್ದು ಮಿಸ್‌ಗೆ ಕಾಣಲಿಲ್ಲ

2020ರ ಮಳೆಗಾಲ. ಅಕ್ಕನ ಮಗಳು ಆಗ ಮೂರನೇ ಕ್ಲಾಸು. ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿಕೊಂಡು ಗಣಿತದ ಪಾಠ ಕೇಳುತ್ತಿದ್ದಳು. "ಅರ್ಥ ಆಯ್ತಾ ಮಕ್ಕಳೇ?" ಅಂತ ಮಿಸ್ ಕೇಳಿದರು. ಇವಳು ಜೋರಾಗಿ ತಲೆಯಾಡಿಸಿದಳು. ಆದರೆ ಡೇಟಾ ಉಳಿಯಲಿ ಅಂತ ಕ್ಯಾಮೆರಾ ಆಫ್ ಮಾಡಿದ್ದೆವು. ಮೈಕೂ ಮ್ಯೂಟ್ ಆಗಿತ್ತು. ಮಿಸ್ ಸ್ವಲ್ಪ ಹೊತ್ತು ಕಾದು ಮುಂದಿನ ಲೆಕ್ಕಕ್ಕೆ ಹೋದರು.

ನೋಟ್‌ಬುಕ್ ನೋಡಿದೆ. 17ನ್ನು 3ರಿಂದ ಭಾಗಿಸಿದ್ದಳು. ಭಾಗಲಬ್ಧ 4, ಶೇಷ 5. ಇನ್ನೊಂದು ಸಲ 3 ಕಳೆಯಬೇಕಿತ್ತು, ಅಷ್ಟೇ. ಕ್ಲಾಸಿನಲ್ಲಾಗಿದ್ದರೆ ಬೆಂಚಿನ ಪಕ್ಕ ಹಾದುಹೋಗುವಾಗಲೇ ಮಿಸ್ ಆ 5ರ ಮೇಲೆ ಬೆರಳಿಡುತ್ತಿದ್ದರು.

ಆ ವರ್ಷ ಜಗತ್ತಿನಾದ್ಯಂತ ನೂರೈವತ್ತು ಕೋಟಿಗೂ ಜಾಸ್ತಿ ಮಕ್ಕಳ ಶಾಲೆ ಬಾಗಿಲು ಹಾಕಿತ್ತು. ಪಾಠ ಪರದೆಗೆ ಬಂತು. ಆಮೇಲೆ ಶಾಲೆ ತೆರೆದರೂ ಪರದೆಯ ಪಾಠ ಹೋಗಲಿಲ್ಲ. ಟ್ಯೂಷನ್, ಕೋಚಿಂಗ್, ಪರೀಕ್ಷೆಯ ತಯಾರಿ ಎಲ್ಲದರಲ್ಲೂ ಉಳಿಯಿತು. ಹಾಗಾಗಿ ಪರದೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಮನೆಮನೆಯಲ್ಲೂ ನಡೆಯುತ್ತದೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಮಗು ಹೇಳಿದ್ದಕ್ಕೆ ಆ ಕಡೆಯಿಂದ ಯಾರಾದರೂ ಓಗೊಡುತ್ತಾರಾ?

ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಕೂಸುಗಳ ಮೇಲೆ ಒಂದು ಪ್ರಯೋಗ ಮಾಡಿ, 2003ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಕೂಸುಗಳ ಎದುರು ಚೀನೀ ಭಾಷೆಯವರು ಕೂತು, ಆಟಿಕೆ ತೋರಿಸುತ್ತಾ, ಪುಸ್ತಕ ಓದುತ್ತಾ ಮಾತಾಡಿದರು. ಹೀಗೆ 12 ಸಲ. ಕೂಸುಗಳು ಆ ಭಾಷೆಯ ಸೂಕ್ಷ್ಮ ಧ್ವನಿಗಳನ್ನು ಬೇರೆ ಮಾಡಿ ಗುರುತಿಸಲು ಕಲಿತವು. ಅದೇ ಮಾತು, ಅದೇ ಮುಖಗಳನ್ನು ವಿಡಿಯೊದಲ್ಲಿ ತೋರಿಸಿದ ಕೂಸುಗಳು ಏನನ್ನೂ ಕಲಿಯಲಿಲ್ಲ.

ಹಾಗಾದರೆ ತಪ್ಪು ಪರದೆಯದ್ದೇ ಅನಿಸುತ್ತದೆ, ಅಲ್ವಾ? ಅಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದ ಕಲಿಸಿದರು. ಕೆಲವರಿಗೆ ಎದುರಾಎದುರು, ಕೆಲವರಿಗೆ ಸ್ಕೈಪ್‌ನ ನೇರ ವಿಡಿಯೊ ಕರೆಯಲ್ಲಿ, ಕೆಲವರಿಗೆ ಮೊದಲೇ ಚಿತ್ರೀಕರಿಸಿದ ವಿಡಿಯೊದಲ್ಲಿ. ಸ್ಕೈಪ್‌ನ ಮಕ್ಕಳು ಎದುರಿಗೆ ಕೂತವರಂತೆಯೇ ಕಲಿತರು. ವಿಡಿಯೊ ನೋಡಿದವರು ಕಲಿಯಲಿಲ್ಲ. ಎರಡೂ ಪರದೆಯೇ. ಆದರೆ ಒಂದು ಮಗುವನ್ನು ಕೇಳಿಸಿಕೊಂಡು ಮಾತಾಡುತ್ತಿತ್ತು, ಇನ್ನೊಂದು ತನ್ನ ಪಾಡಿಗೆ ತಾನು ಹೇಳುತ್ತಿತ್ತು.

ಮಾತಿಗೆ ಮಾತು ಸೇರುವ ವೇಗವೂ ಮುಖ್ಯ. ನಾವು ಹರಟುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಆನ್‌ಲೈನ್‌ನಲ್ಲಿ ದನಿಯನ್ನು ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ಕಳಿಸಬೇಕು. ಹಿಂದೆಮುಂದಾಗಿ ಬರುವ ಪೊಟ್ಟಣಗಳಿಗಾಗಿ ಆ ಕಡೆಯ ಫೋನು ಚೂರು ಕಾಯುತ್ತದೆ. ನೆಟ್‌ವರ್ಕ್ ಕೈಕೊಟ್ಟರೆ ಆ ಬಿಡುವು ಸುಲಭವಾಗಿ ಎರಡು ಮೂರು ಪಟ್ಟಾಗುತ್ತದೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ನಾಚಿಕೆ ಸ್ವಭಾವದ ಮಗು ಎರಡು ಸಲ ಹೀಗಾದರೆ ಮೂರನೇ ಸಲ ಬಾಯಿಯೇ ಬಿಡುವುದಿಲ್ಲ.

ದೂರದಿಂದ ಪಾಠ ಹೇಳುವುದು ಹೊಸದೇನಲ್ಲ. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲೇ ರೇಡಿಯೊ ಶಾಲೆ ಶುರುವಾಯಿತು. ಮೊದಮೊದಲು ಟೀಚರ್ ಮಾತ್ರ ಮಾತಾಡುತ್ತಿದ್ದರು. ಆಮೇಲೆ ಪಾಠದ ಜೊತೆ ಪ್ರಶ್ನೋತ್ತರವೂ ಸೇರಿತು. ನೂರಾರು ಕಿಲೋಮೀಟರ್ ದೂರದ ದನದ ಫಾರ್ಮುಗಳಲ್ಲಿದ್ದ ಮಕ್ಕಳು ರೇಡಿಯೊ ಸೆಟ್ಟಿನಲ್ಲಿ ತಿರುಗಿ ಉತ್ತರ ಕೊಡತೊಡಗಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಫ್ರಿಕಾದ ಬೋಟ್ಸ್‌ವಾನಾ ದೇಶದ ಪ್ರಯೋಗ. 2020ರಲ್ಲಿ ಅಲ್ಲಿ ಶಾಲೆ ಮುಚ್ಚಿದಾಗ ಸುಮಾರು 4,500 ಮನೆಗಳನ್ನು ಆರಿಸಿಕೊಂಡರು. ಕೆಲವರಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ಲೆಕ್ಕ ಕಳಿಸಿದರು. ಕೆಲವರಿಗೆ ಎಸ್‌ಎಂಎಸ್ ಜೊತೆ ಸುಮಾರು 20 ನಿಮಿಷದ ಫೋನ್ ಕರೆ. ಬರೀ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಕರೆ ಬಂದ ಮನೆಯ ಮಕ್ಕಳ ಲೆಕ್ಕ ಸುಧಾರಿಸಿತು. ಚಿತ್ರವಿಲ್ಲ, ಆ್ಯಪ್ ಇಲ್ಲ, ಸಾದಾ ಫೋನು. ದುಬಾರಿ ವಿಡಿಯೊ ಪಾಠಗಳಿಗೆ ಸಾಲ ಮಾಡಿ ಹಣ ಕಟ್ಟಿದ ಅಪ್ಪ ಅಮ್ಮಂದಿರನ್ನು ನಾನು ಕಂಡಿದ್ದೇನೆ. ಅವರಿಗೆ ಇದು ಗೊತ್ತಾಗಬೇಕಿತ್ತು ಅಂತ ಹೊಟ್ಟೆ ಉರಿಯುತ್ತದೆ.

ನಷ್ಟ ಸಣ್ಣದೇನಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿ ನೋಡಿತು. 100ರಲ್ಲಿ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಕೌಶಲ ಮರೆತಿದ್ದರು. ಗಣಿತದಲ್ಲಿ 82.

ಸಾಗರದಲ್ಲಿರುವ ನಮ್ಮಪ್ಪನ ಮನೆಯಲ್ಲಿ ಆಗ ಇನ್ನೂ ಲ್ಯಾಂಡ್‌ಲೈನ್ ಇತ್ತು. ಸಂಜೆ ಮೊಮ್ಮಗಳಿಗೆ ಫೋನ್ ಮಾಡುತ್ತಿದ್ದರು. ಆವತ್ತು ನಾನು ಸ್ಪೀಕರ್ ಹಾಕಿದೆ.

"17 ಅಡಿಕೆ ಇದೆ ಪುಟ್ಟಿ. ಮೂರು ಜನಕ್ಕೆ ಸಮವಾಗಿ ಹಂಚು. ಎಷ್ಟು ಉಳೀತು?"

"ಐದು, ಅಜ್ಜ."

"ಹೌದಾ? ಐದು ಕೈಯಲ್ಲಿಟ್ಟುಕೊಂಡು ಸುಮ್ನೆ ಕೂತಿದೀಯಲ್ಲ. ಅವರು ಕೇಳಲ್ವಾ?"

ಆ ಕಡೆ ಅಪ್ಪ ಏನೂ ಹೇಳದೆ ಕಾದರು. ಈ ಕಡೆ ರಬ್ಬರಿನಲ್ಲಿ ಉಜ್ಜುವ ಸದ್ದು ಕೇಳಿಸಿತು.