ಕಂಡಕ್ಟರ್ ಇಲ್ಲದೆ ಮೇಳ ನಡೆಯುತ್ತಾ?

ಪ್ರಶ್ನೆ: ಲಂಡನ್ನಿನ ‘ಅಕಾಡೆಮಿ ಆಫ್ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್’ ಆರ್ಕೆಸ್ಟ್ರಾದ ವಿಡಿಯೋ ನೋಡಿದೆ. ಎದುರಿಗೆ ಕಂಡಕ್ಟರೇ ಇಲ್ಲ. ಮತ್ತೆ ತಾಳ ಹಿಡಿಯುವುದು ಯಾರು? ಎಲ್ಲರ ಕಿವಿಯಲ್ಲೂ ಏನಾದರೂ ಇಟ್ಟಿರುತ್ತಾರಾ?

ಕಿವಿಯಲ್ಲಿ ಏನೂ ಇಟ್ಟಿರುವುದಿಲ್ಲ. ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆದುಬಿಡುತ್ತೇನೆ, ಇನ್ನೊಮ್ಮೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಈ ಮೇಳ ಹುಟ್ಟಿದ್ದೇ ಕಂಡಕ್ಟರ್ ಬೇಡ ಎಂದು. ನೆವಿಲ್ ಮ್ಯಾರಿನರ್ ಆಗ ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಸೆಕೆಂಡ್ ವಯೊಲಿನ್ ಸಾಲಿನ ಮುಖ್ಯಸ್ಥ. ದಿನವಿಡೀ ಕಂಡಕ್ಟರನ ಕೋಲಿಗೆ ನುಡಿಸಿ ಬೇಸತ್ತ ಒಂದಷ್ಟು ಗೆಳೆಯರು 1958ರಲ್ಲಿ ಅವನ ಮನೆಯಲ್ಲಿ ಸೇರಿ ತಮ್ಮ ಪಾಡಿಗೆ ನುಡಿಸತೊಡಗಿದರು. 1959ರ ನವೆಂಬರ್ 13ರಂದು ಟ್ರಫಾಲ್ಗರ್ ಚೌಕದ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಮೊದಲ ಸಂಗೀತ ಕಚೇರಿ. ಹೆಸರು ಅಲ್ಲಿಂದಲೇ ಬಂತು.

ಇನ್ನು ಆ ಹಟಮಾರಿ ನಂಬಿಕೆಯ ಕಥೆ. ಕಂಡಕ್ಟರ್ ಎಂದರೆ ತಾಳ ಹಾಕುವವನು, ಅವನು ಕೈ ನಿಲ್ಲಿಸಿದರೆ ಎಲ್ಲರೂ ದಾರಿ ತಪ್ಪುತ್ತಾರೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಸ್ವಾಮಿ, ಇಷ್ಟು ವರ್ಷ ಅಭ್ಯಾಸ ಮಾಡಿದ ವಾದಕನಿಗೆ ನಾಲ್ಕು ಎಣಿಸಲು ಬರುವುದಿಲ್ಲವೇ? ಯಕ್ಷಗಾನದ ಭಾಗವತರನ್ನು ನೋಡಿ. ಜಾಗಟೆ ಹಿಡಿದು ತಾವೇ ಹಾಡುತ್ತ ಇಡೀ ಮೇಳವನ್ನು ನಡೆಸುತ್ತಾರೆ. ಎದುರಿಗೆ ನಿಂತು ಅವರಿಗೆ ಯಾರೂ ಕೋಲು ಬೀಸುವುದಿಲ್ಲ. ಅಕಾಡೆಮಿಯಲ್ಲಿ ಆ ಕೆಲಸ ಮೊದಲ ಪಿಟೀಲಿನವರದು, ಅಂದರೆ ಪಿಟೀಲು ಸಾಲಿನ ಮುಂದೆ ಕೂರುವ ಮುಖ್ಯ ವಾದಕರದು.

ವಿಡಿಯೋವನ್ನು ಮತ್ತೆ ಹಾಕಿ. ಈ ಸಲ ಸದ್ದು ಪೂರ್ತಿ ಇಳಿಸಿ, ಶುರುವಾಗುವ ಮುಂಚಿನ ಒಂದು ಕ್ಷಣ ನೋಡಿ. ಮೊದಲ ಪಿಟೀಲಿನವರು ಉಸಿರು ಎಳೆದುಕೊಳ್ಳುತ್ತಾರೆ, ಪಿಟೀಲಿನ ತಲೆ ಒಂದಂಗುಲ ಮೇಲೇಳುತ್ತದೆ, ಕಮಾನು ತಂತಿಯ ಮೇಲಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಬೇಗ ಉಸಿರೆಳೆದರೋ ಅಷ್ಟೇ ಬೇಗದ ಲಯ, ಎಷ್ಟು ಆಳಕ್ಕೆ ಎಳೆದರೋ ಅಷ್ಟು ಗಟ್ಟಿ ದನಿ. ಹಿಂದೆ ಕುಳಿತವರಿಗೆ ಅಷ್ಟು ಸಾಕು.

ಹಾಗಾದರೆ ದೊಡ್ಡ ಆರ್ಕೆಸ್ಟ್ರಾಕ್ಕೆ ಕಂಡಕ್ಟರ್ ಯಾಕೆ ಬೇಕು? ಶಬ್ದ ನಿಧಾನ, ಅದಕ್ಕೆ. ಸೆಕೆಂಡಿಗೆ ಸುಮಾರು 343 ಮೀಟರ್. ವೇದಿಕೆ 17 ಮೀಟರ್ ಅಗಲವಿದ್ದರೆ ಈ ತುದಿಯ ಸ್ವರ ಆ ತುದಿಗೆ ಮುಟ್ಟಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹಿಡಿಯುತ್ತದೆ. ವೇಗದ ಭಾಗದಲ್ಲಿ ಕಿವಿಯನ್ನೇ ನಂಬಿ ನುಡಿಸಿದವನು ತಡವಾಗಿ ನುಡಿಸಿದಂತೆಯೇ, ಅಲ್ಲಿ ಕಣ್ಣು ಬೇಕು. ಹತ್ತಿಪ್ಪತ್ತು ಜನ ಒತ್ತಾಗಿ ಕುಳಿತಾಗ ಈ ತೊಂದರೆ ಇಲ್ಲ, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುತ್ತದೆ. ಚೇಂಬರ್ ಆರ್ಕೆಸ್ಟ್ರಾ ಎಂಬ ಸಣ್ಣ ಮೇಳ ನಡೆಯುವುದು ಹಾಗೆ. ಕಂಡಕ್ಟರನ ನಿಜವಾದ ಕೆಲಸ ಬಹುಪಾಲು ಅಭ್ಯಾಸದ ಕೋಣೆಯಲ್ಲೇ ಮುಗಿದಿರುತ್ತದೆ: ಎಲ್ಲಿ ಹಿಗ್ಗಬೇಕು, ಎಲ್ಲಿ ತಗ್ಗಬೇಕು, ಯಾವ ವಾದ್ಯ ಮೇಲೆ ಕೇಳಬೇಕು ಎಂಬ ತೀರ್ಮಾನ. ವಿವಾಲ್ಡಿ, ಬಾಖ್ ಕಾಲದಲ್ಲೂ ವಾದ್ಯಮೇಳಗಳನ್ನು ಸಾಮಾನ್ಯವಾಗಿ ಪಿಟೀಲಿನಿಂದಲೋ ಹಾರ್ಪ್ಸಿಕಾರ್ಡ್ ಎಂಬ, ಪಿಯಾನೋದಂಥ ಹಳೆಯ ವಾದ್ಯದಿಂದಲೋ ನಡೆಸುತ್ತಿದ್ದರು. ಫ್ರಾನ್ಸಿನಲ್ಲಿ ಸಂಗೀತ ರಚನಕಾರ ಲುಲ್ಲಿ ಮಹಾಶಯ ಉದ್ದನೆಯ ದೊಣ್ಣೆ ಕುಟ್ಟಿ ತಾಳ ಹಾಕಲು ಹೋಗಿ ತನ್ನ ಕಾಲಿಗೇ ಕುಟ್ಟಿಕೊಂಡ. ಗಾಯ ಕೊಳೆತು 1687ರಲ್ಲಿ ಸತ್ತ.

ಮ್ಯಾರಿನರ್ ಕೋಲು ಹಿಡಿದ ಫೋಟೋ ಇದೆಯಲ್ಲ ಎಂದು ಪತ್ರ ಬರೆಯಬೇಡಿ, ನನಗೂ ಗೊತ್ತು. ಮೇಳ ಬೆಳೆದು ದೊಡ್ಡ ಕೃತಿಗಳಿಗೆ ಕೈ ಹಾಕಿದ ಮೇಲೆ, ಹೆಸರಾಂತ ಕಂಡಕ್ಟರ್ ಪಿಯೇರ್ ಮೊಂತ್ಯೂ ಅವರ ಬಳಿ ಕಲಿತು, ಪಿಟೀಲು ಕೆಳಗಿಟ್ಟು ಎದ್ದು ನಿಂತ. ಬೇಡವೆಂದ ಕೋಲನ್ನು ಕೊನೆಗೆ ತಾನೇ ಹಿಡಿದ! ಆದರೆ ಅದೇ ಮೇಳದ ಪಿಟೀಲು ವಾದಕಿ ಅಯೋನಾ ಬ್ರೌನ್ ಪಿಟೀಲಿನಿಂದಲೇ ಮೇಳ ನಡೆಸಿದರು. 2011ರಲ್ಲಿ ಸಂಗೀತ ನಿರ್ದೇಶಕರಾದ ಪಿಟೀಲು ವಾದಕ ಜೋಶುವಾ ಬೆಲ್ ಕೂಡ ಹಾಗೆಯೇ. ಬೀಥೋವನ್ ಸಿಂಫನಿಯಲ್ಲೂ ತಮ್ಮ ಕುರ್ಚಿಯಲ್ಲೇ ಕುಳಿತು, ಕೈ ಬಿಡುವಾದಾಗ ಕಮಾನನ್ನೇ ಕೋಲು ಮಾಡಿಕೊಳ್ಳುತ್ತಾರೆ.

ಮೇಳಕ್ಕೆ ಖ್ಯಾತಿ ಬಂದದ್ದು ರೆಕಾರ್ಡುಗಳಿಂದ. ಐನೂರಕ್ಕೂ ಮೇಲಿವೆ. ಅಲನ್ ಲವ್‌ಡೇ ಪಿಟೀಲು ನುಡಿಸಿದ ವಿವಾಲ್ಡಿಯ ‘ಫೋರ್ ಸೀಸನ್ಸ್’ ಮನೆಮನೆ ಸೇರಿತು. 1984ರ ‘ಅಮೆಡಿಯಸ್’ ಸಿನಿಮಾದಲ್ಲಿ ನೀವು ಕೇಳಿದ ಮೊಝಾರ್ಟ್ ಇವರದೇ. ಅತಿ ನುಣುಪು ಎಂದು ದೂರುವವರೂ ಇದ್ದಾರೆ. ಕೆಲವು ರೆಕಾರ್ಡುಗಳ ಮಟ್ಟಿಗೆ ನನಗೂ ಹಾಗೇ ಅನಿಸಿದೆ.

ಇನ್ನೊಂದು. ‘ಅಕಾಡೆಮಿ’ ಎಂದ ಕೂಡಲೇ ಮಗಳಿಗೆ ಸೀಟು ಸಿಗುತ್ತಾ ಎಂದು ಕೇಳುವವರಿದ್ದಾರೆ. ಸಿಗುವುದಿಲ್ಲ, ಅದು ಕಾಲೇಜಲ್ಲ. ಹದಿನೆಂಟನೇ ಶತಮಾನದಲ್ಲಿ ಸಂಗೀತ ಸಭೆಗಳಿಗೂ ಅಕಾಡೆಮಿ ಎನ್ನುತ್ತಿದ್ದರು, ಮೊಝಾರ್ಟ್ ತನ್ನ ಕಚೇರಿಗಳನ್ನೇ ಹಾಗೆ ಕರೆಯುತ್ತಿದ್ದ. ‘ಫೀಲ್ಡ್ಸ್’ ಕೂಡ ಹಾಗೆಯೇ ಹಳೆಯ ಪಳೆಯುಳಿಕೆ: ಲಂಡನ್ ಮತ್ತು ವೆಸ್ಟ್‌ಮಿನ್‌ಸ್ಟರ್ ನಡುವೆ ಆ ಚರ್ಚಿನ ಸುತ್ತ ಒಂದು ಕಾಲಕ್ಕೆ ಬರೀ ಹೊಲವಿತ್ತು. ಚರ್ಚಿನ ಹೆಸರಿನ ನಡುವಿನ ಅಡ್ಡಗೆರೆಗಳು ಆರ್ಕೆಸ್ಟ್ರಾದ ಹೆಸರಿನಲ್ಲೂ ಇದ್ದವು, 1988ರಲ್ಲಿ ಕೈಬಿಟ್ಟರು. ಹಳೆ ಎಲ್‌ಪಿ ಕೊಳ್ಳುವವರು ಕವರಿನ ಮೇಲೆ ಆ ಗೆರೆಗಳಿವೆಯೇ ನೋಡಿಕೊಳ್ಳಿ.