ಅಟ್ಟದಿಂದ ಇಳಿಸುವ ಹೆಸರು: ಮನೆಗೆ ಬಂದ ಬೆಕ್ಕನ್ನು ಏನೆಂದು ಕರೆಯಬೇಕು?

ಮೊದಲ ಲಸಿಕೆಗೆ ಮರಿ ತಂದವರ ಮುಂದೆ ಕಾರ್ಡ್ ಬಿಡಿಸಿ 'ಹೆಸರೇನು?' ಅಂತ ಕೇಳಿದರೆ ತುಮಕೂರಿನಲ್ಲಿ ಎಷ್ಟೋ ಸಲ ಮೂರು ಉತ್ತರ ಬರುತ್ತವೆ. ಮಗಳು 'ಆಲಿವರ್' ಅನ್ನುತ್ತಾಳೆ. ಅಮ್ಮ 'ನಾವು ಆಲೂ ಅಂತೀವಿ ಸಾರ್' ಅನ್ನುತ್ತಾರೆ. ಬುಟ್ಟಿ ಹಿಡಿದು ನಿಂತ ಅಜ್ಜಿ, 'ಹೆಸ್ರೇನ್ ಬಂತು, ಕೊತ್ತಿ ಬಾ ಅಂದ್ರೆ ಬತ್ತದೆ' ಎಂದು ಮಾತು ಮುಗಿಸುತ್ತಾರೆ. ಬೆಕ್ಕಿನ ಮಟ್ಟಿಗೆ ಮೂವರಲ್ಲಿ ಸರಿ ಹೇಳಿದವರು ಅಜ್ಜಿಯೇ. ಅನ್ನದ ತಟ್ಟೆ ಇಡುವವರು ಅವರು, ತಟ್ಟೆ ಇಡುವಾಗ ಪ್ರತಿ ಸಲ ಒಂದೇ ದನಿಯಲ್ಲಿ ಒಂದೇ ಮಾತು ಹೇಳುವವರೂ ಅವರೇ. ಬೆಕ್ಕಿಗೆ ಹೆಸರು ಅಂದರೆ ಅಷ್ಟೇ, ಹಿಂದೆಯೇ ಏನೋ ಒಳ್ಳೆಯದು ಬರುತ್ತದೆ ಎಂದು ಸಾರುವ ಒಂದು ಸದ್ದು.

ಬೆಕ್ಕು ತನ್ನ ಹೆಸರನ್ನು ಗುರುತಿಸುತ್ತದೆಯೇ ಎಂಬ ಪ್ರಶ್ನೆಗೆ ಜಪಾನಿನ ಅತ್ಸುಕೊ ಸಾಯಿತೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಟ್ಟಿತು. ಮನೆಗಳಲ್ಲೂ ಒಂದು ಬೆಕ್ಕಿನ ಕೆಫೆಯಲ್ಲೂ ಇದ್ದ ಒಟ್ಟು 78 ಬೆಕ್ಕುಗಳನ್ನು ಅವರು ಪರೀಕ್ಷಿಸಿದರು. ಹೆಸರಿನಷ್ಟೇ ಉದ್ದದ ನಾಲ್ಕು ಬೇರೆ ಪದಗಳನ್ನು ಒಂದರ ಹಿಂದೊಂದು ಕೇಳಿಸಿದರು. ಬೆಕ್ಕುಗಳಿಗೆ ಬೇಸರ ಬಂತು, ಕಿವಿ ಆಡಿಸುವುದು ಕಡಿಮೆಯಾಯಿತು. ಐದನೆಯದಾಗಿ ಅದರದೇ ಹೆಸರು ಬಂದಾಗ ಕಿವಿ, ತಲೆ ಮತ್ತೆ ಅತ್ತ ತಿರುಗಿದವು. ಗಮನಿಸಬೇಕಾದ ಮಾತೆಂದರೆ ಹೆಚ್ಚಿನವು ಎದ್ದು ಬರಲಿಲ್ಲ, ಕಿವಿಯನ್ನಷ್ಟೇ ತಿರುಗಿಸಿದವು. 'ನಮ್ಮದು ಹೆಸರು ಕರೆದರೆ ತಿರುಗಿಯೂ ನೋಡಲ್ಲ' ಎನ್ನುವವರು ಇನ್ನು ಮುಂದೆ ಅದರ ಮುಖ ನೋಡುವುದು ಬಿಟ್ಟು ಕಿವಿ ನೋಡಲಿ.

ಈಗ ಹೆಸರಿನ ಆಯ್ಕೆಗೆ ಬರೋಣ. ಎರಡು ಅಕ್ಷರ ಸಾಕು, ಮೂರಕ್ಕೆ ಹೆಚ್ಚು ಬೇಡ. ಉದ್ದ ಹೆಸರನ್ನು ಬೆಕ್ಕು ಕಲಿಯುವುದಿಲ್ಲ ಅಂತಲ್ಲ, ಮನೆಯವರೇ ಅದನ್ನು ನಾಲ್ಕು ತುಂಡು ಮಾಡಿ ನಾಲ್ಕು ಥರ ಕರೆಯುತ್ತಾರೆ. ಎರಡನೆಯದು, ಹೆಸರು ಸ್ವರದಲ್ಲಿ ಮುಗಿಯಲಿ. ಕನ್ನಡದ ನಾಲಿಗೆ ವ್ಯಂಜನದಲ್ಲಿ ನಿಲ್ಲುವುದಕ್ಕೆ ಒಪ್ಪದು. ಬಸ್ಸು, ಕಾರು, ಪೆನ್ನು ಆದ ಹಾಗೆ 'ಟಾಮ್' ಟಾಮು ಆಗುತ್ತದೆ, 'ಮ್ಯಾಕ್ಸ್' ಮ್ಯಾಕ್ಸು ಆಗುತ್ತದೆ. ಮಗ ಒಂದು ಸದ್ದು ಕಲಿಸಿದರೆ ಅಜ್ಜ ಇನ್ನೊಂದು ಕಲಿಸುತ್ತಾರೆ. ಜೊತೆಗೆ ನಾವು ದೂರದಿಂದ ಕರೆಯುವಾಗ ಕೊನೆಯ ಸ್ವರವನ್ನು ಎಳೆಯುತ್ತೇವೆ: ಮಿಂಚೂ, ಚುಕ್ಕೀ, ಕರಿಯಾ. ಎಳೆಯಲು ಸ್ವರವೇ ಇಲ್ಲದ ಹೆಸರು ದೂರಕ್ಕೆ ಹೋಗದು.

ದೂರದ ಮಾತು ಸುಮ್ಮನೆ ಹೇಳಿದ್ದಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಇಲಿ ಕಾಟಕ್ಕೆ ಬೆಕ್ಕು ಬೇಕೇ ಬೇಕು. ಆ ಬೆಕ್ಕು ಕಾಯಿ ರಾಶಿಯ ಹಿಂದೆ ಸೇರಿಕೊಂಡರೆ ಏಣಿಯ ಬುಡದಲ್ಲಿ ನಿಂತು ಕರೆಯುವ ದನಿ ಅಲ್ಲಿಗೆ ಮುಟ್ಟಬೇಕು. ಹೆಸರು ಇಟ್ಟ ದಿನ ಈ ಪರೀಕ್ಷೆ ಮಾಡಿ: ಮನೆಯ ಅತಿ ಹಿರಿಯರಿಂದಲೂ ಅತಿ ಚಿಕ್ಕ ಮಗುವಿನಿಂದಲೂ ಆ ಹೆಸರನ್ನು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿ ಮೂರು ಸಲ ಕೂಗಿಸಿ. ಒಂದೇ ಥರ ಕೇಳಿಸಿತೇ? ನಮ್ಮ ಸೀಮೆಯ ಮಾತಿನಲ್ಲಿ ಪದದ ಮೊದಲಿನ 'ಹ' ಎಷ್ಟೋ ಬಾಯಲ್ಲಿ ಉದುರುತ್ತದೆ, 'ಶ' ಹೋಗಿ 'ಸ' ಆಗುತ್ತದೆ. 'ಹಿಮ' ಎಂದಿಟ್ಟರೆ ಅರ್ಧ ಮನೆಗೆ ಅದು 'ಇಮ'. ತಿದ್ದಲು ಹೋಗಬೇಡಿ, ಉದುರದ ಹೆಸರು ಹುಡುಕಿ. ಕ, ಚ, ಟ, ಪ, ಮ ಇರುವವು ಎಲ್ಲರ ಬಾಯಲ್ಲೂ ನಿಲ್ಲುತ್ತವೆ.

'ಈ' ಸ್ವರದ ಹೆಸರು ಬೆಕ್ಕಿಗೆ ಹೆಚ್ಚು ಕೇಳಿಸುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಬೆಕ್ಕಿನ ಕಿವಿ ಸುಮಾರು 85,000 ಹರ್ಟ್ಸ್ ತನಕ ಕೇಳುತ್ತದೆ, ನಮ್ಮದು 20,000ಕ್ಕೆ ನಿಲ್ಲುತ್ತದೆ, ಇದು ನಿಜ. ಆದರೆ ನಮ್ಮ ಮಾತಿನ ಸ್ವರಗಳೆಲ್ಲ ಅದರ ಶ್ರವಣದ ವ್ಯಾಪ್ತಿಯ ಒಳಗೇ ಇವೆ, 'ಕರಿಯಾ' ಕೂಡ ಚೆನ್ನಾಗಿಯೇ ಕೇಳಿಸುತ್ತದೆ. ಸ್ವರಕ್ಕಿಂತ ಕರೆಯುವ ದನಿ ಮುಖ್ಯ. ಫ್ರಾನ್ಸಿನಲ್ಲಿ 16 ಬೆಕ್ಕುಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಡೆಯರು ಬೆಕ್ಕಿನೊಂದಿಗೆ ಮುದ್ದಾಗಿ ಆಡುವ ದನಿಯನ್ನೂ ದೊಡ್ಡವರೊಂದಿಗೆ ಆಡುವ ದನಿಯನ್ನೂ ಬೆಕ್ಕುಗಳು ಬೇರೆ ಮಾಡಿ ಗುರುತಿಸಿದವು. ಅಪರಿಚಿತರ ದನಿಯಲ್ಲಿ ಆ ವ್ಯತ್ಯಾಸ ಅವಕ್ಕೆ ಲೆಕ್ಕಕ್ಕೆ ಬರಲಿಲ್ಲ. ಬೆಕ್ಕನ್ನು ಕರೆಯುವುದಕ್ಕೇ ಒಂದು ದನಿ ಇಟ್ಟುಕೊಳ್ಳಲು ನಾಚಿಕೆ ಬೇಡ.

ಹೆಚ್ಚು ಹೆಸರುಗಳು ಕೆಡುವುದು ಮನೆಯ ಮಾತಿನ ಜೊತೆ ಬೆರೆತು. ಕೆಂಗಂದು ಮರಿಗೆ 'ರಾಗಿ' ಅಂತ ಇಡುವುದು ಈಗ ಚಾಲ್ತಿಯಲ್ಲಿದೆ, ಚಂದವೂ ಹೌದು. ಆದರೆ ತುಮಕೂರು, ಕೋಲಾರದ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಆ ಪದ ಬರುತ್ತದೆ ಎಣಿಸಿ ನೋಡಿ: ರಾಗಿ ಮಿಲ್ಲಿಗೆ ಹಾಕಿಸಬೇಕು, ರಾಗಿ ಹಿಟ್ಟು ಮುಗಿಯಿತು, ರಾಗಿ ರೇಟು ಏನಾಯಿತು. ಮೊದಲ ವಾರ ಬೆಕ್ಕು ಪ್ರತಿ ಸಲ ಕಿವಿ ನಿಮಿರಿಸುತ್ತದೆ. ಏನೂ ಸಿಗದಿದ್ದಾಗ ಬಿಡುತ್ತದೆ. ತಿಂಗಳಾದ ಮೇಲೆ ನೀವು ಪ್ರೀತಿಯಿಂದ ಕರೆದರೂ ಅದು ಹಿಟ್ಟಿನ ಮಾತೇ. ಬೆಣ್ಣೆ, ಕಡ್ಲೆ, ಹುರುಳಿಗೂ ಇದೇ ಗತಿ. ಚಿನ್ನು, ಪುಟ್ಟ, ಬಂಗಾರಿ ಎಂಬವು ಮಕ್ಕಳಿರುವ ಮನೆಯಲ್ಲಿ ಆಗಲೇ ಖರ್ಚಾದ ಹೆಸರುಗಳು. 'ಮಂಜು' ಅಂತಿಟ್ಟು ಸಂಜೆ ಹೊತ್ತು ವಠಾರದಲ್ಲಿ ಕೂಗುವ ಮುನ್ನ ಎಷ್ಟು ಬಾಗಿಲು ತೆರೆದಾವು ಎಂದು ಯೋಚಿಸಿ. ದೇವರ ಹೆಸರು, ಬೀಗರ ಹೆಸರು, ಪಕ್ಷದ ನಾಯಕರ ಹೆಸರು ಬೇಡವೇ ಬೇಡ. ಮೀನು ಕದ್ದ ದಿನ ಆ ಹೆಸರು ಹಿಡಿದು ಏನೇನು ಕೂಗಬೇಕಾದೀತು!

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎರಡು ಭಾಷೆಯ ಮನೆಗಳಿಗೆ ಒಂದು ಮಾತು. ಅಪ್ಪ 'ಬಾ' ಎಂದು, ಅಮ್ಮ ತೆಲುಗಿನಲ್ಲಿ 'ರಾ' ಎಂದು ಕರೆದರೆ ತೊಂದರೆಯಿಲ್ಲ, ಹೆಸರು ಮಾತ್ರ ಎರಡರಲ್ಲೂ ಒಂದೇ ಇರಲಿ, ಹೆಸರೇ ಮೊದಲು ಬರಲಿ. 'ಚುಕ್ಕಿ, ಬಾ', 'ಚುಕ್ಕಿ, ರಾ'.

ಬೆಕ್ಕಿನ ಬಗ್ಗೆ ಮಾತಾಡುವಾಗಲೂ ಹೆಸರು ಸವೆಯುತ್ತದೆ. 'ಚುಕ್ಕೀಗೆ ಅನ್ನ ಹಾಕಿದ್ಯಾ, ಚುಕ್ಕಿ ಎಲ್ಲೋಯ್ತು' ಎಂದು ದಿನಕ್ಕೆ ನಲವತ್ತು ಸಲ ಹೇಳಿದರೆ ನಲವತ್ತು ಸಲವೂ ಅದಕ್ಕೆ ಏನೂ ಸಿಗುವುದಿಲ್ಲ. ಬೆಕ್ಕಿನ ಬಗ್ಗೆ ಹೇಳುವಾಗ 'ಕೊತ್ತಿ' ಅನ್ನಿ, ಬೆಕ್ಕಿಗೆ ಹೇಳುವಾಗ ಹೆಸರು ಅನ್ನಿ. ಹಳೆಯ ಮನೆಗಳಲ್ಲಿ ಇದು ತಾನಾಗಿಯೇ ಹಾಗಿತ್ತು.

ಗಂಡೋ ಹೆಣ್ಣೋ ಗೊತ್ತಾಗುವ ತನಕ ರಾಜ, ರಾಣಿ ಬೇಡ. 'ರಾಜ' ಐದು ತಿಂಗಳಿಗೇ ಗಬ್ಬವಾಗಿ ಬರುವುದು ನಮ್ಮಲ್ಲಿ ಹೊಸದಲ್ಲ. ಹೆಣ್ಣು ಬೆಕ್ಕಿಗೆ ನಾಲ್ಕೈದು ತಿಂಗಳಿಗೇ ಬೆದೆ ಬರಬಹುದು, ಗರ್ಭ 63ರಿಂದ 65 ದಿನ. ಮರಿಯ ಬಾಲ ಮೆಲ್ಲಗೆ ಎತ್ತಿ ನೋಡಿ. ಮೇಲಿನದು ಗುದದ್ವಾರ. ಅದರ ಕೆಳಗೆ ತೀರ ಹತ್ತಿರದಲ್ಲೇ ಉದ್ದನೆಯ ಸೀಳು ಇದ್ದರೆ ಹೆಣ್ಣು. ಒಂದು ಸೆಂಟಿಮೀಟರಿಗೂ ಹೆಚ್ಚು ಅಂತರ ಬಿಟ್ಟು ದುಂಡನೆಯ ಚುಕ್ಕೆ ಇದ್ದರೆ ಗಂಡು, 8 ವಾರದ ಹೊತ್ತಿಗೆ ನಡುವಿನ ಜಾಗದಲ್ಲಿ ಎರಡು ಪುಟ್ಟ ಉಬ್ಬು ಕೈಗೆ ಸಿಗುತ್ತವೆ. ಒಂದೇ ಮರಿ ನೋಡಿದರೆ ಅನುಮಾನ ಬರುತ್ತದೆ, ಒಡಹುಟ್ಟಿದವುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇಗ ತಿಳಿಯುತ್ತದೆ. ಬಣ್ಣವೂ ಸುಳಿವು ಕೊಡುತ್ತದೆ. ಕಪ್ಪು ಮತ್ತು ಕೆಂಪು ಎರಡೂ ಒಂದೇ ಮೈಮೇಲೆ ಇದ್ದರೆ ಅದು ಹೆಚ್ಚುಕಡಿಮೆ ಖಂಡಿತ ಹೆಣ್ಣು. ಕೆಂಪು ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಕಪ್ಪು, ಕೆಂಪು ಎರಡೂ ಬರಲು ಎರಡು ಎಕ್ಸ್ ಬೇಕು, ಹೆಣ್ಣಿಗೆ ಎರಡಿರುತ್ತವೆ, ಗಂಡಿಗೆ ಒಂದೇ. ಪೂರ್ತಿ ಕೆಂಪು ಇದ್ದರೆ ಗಂಡಾಗಿರುವ ಸಂಭವವೇ ಹೆಚ್ಚು.

ಬಣ್ಣ ನೋಡಿ ಹೆಸರಿಡುವುದು ನಮಗೆ ದನಕರುಗಳಿಂದ ಬಂದ ಅಭ್ಯಾಸ. ಕರಿಯ, ಕೆಂಚಿ, ಬೆಳ್ಳಿ, ಚುಕ್ಕಿ, ಇವೆಲ್ಲ ಬಾಯಿಗೆ ಒಗ್ಗಿದ, ಎರಡು ಮೂರು ಅಕ್ಷರದಲ್ಲೇ ಮುಗಿಯುವ ಹೆಸರುಗಳು. ನನ್ನ ಮತ ಕೇಳಿದರೆ ಇವಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಎರಡು ಎಚ್ಚರಿಕೆ ಮಾತ್ರ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ, 6–7 ವಾರದಿಂದ ಬಣ್ಣ ತಿರುಗಿ ಮೂರು ತಿಂಗಳ ಹೊತ್ತಿಗೆ ಹೆಚ್ಚಿನವುಗಳದು ಹಳದಿಯೋ ಹಸಿರೋ ಆಗುತ್ತದೆ. ಆದ್ದರಿಂದ ಕಣ್ಣು ನೋಡಿ 'ನೀಲಿ' ಬೇಡ. ಸಯಾಮೀ ಜಾತಿಯ ಮರಿ ಹುಟ್ಟುವಾಗ ಬೆಳ್ಳಗಿದ್ದು ಆಮೇಲೆ ಮೂತಿ, ಕಿವಿ, ಕಾಲು, ಬಾಲ ಕಪ್ಪಾಗುತ್ತವೆ, 'ಬೆಳ್ಳಿ' ಎಂದಿಟ್ಟವರು ಪೇಚಿಗೆ ಸಿಕ್ಕುತ್ತಾರೆ. ಕರಿ ಬೆಕ್ಕಿಗೆ ತಮಾಷೆಗೂ 'ಶನಿ' ಎನ್ನಬೇಡಿ. ಅಡ್ಡ ಬಂತೆಂದು ಕಲ್ಲೆತ್ತುವವರು ಬೀದಿಯಲ್ಲಿ ಇನ್ನೂ ಇದ್ದಾರೆ, ಅವರ ಕೈಗೆ ನೆಪ ಏಕೆ?

ಪೂರ್ತಿ ಬಿಳಿ ಮೈ, ದೊಡ್ಡದಾದ ಮೇಲೂ ಎರಡೂ ಕಣ್ಣು ನೀಲಿ ಇದ್ದರೆ ಹೆಸರಿಗೆ ಮೊದಲು ಕಿವಿ ಪರೀಕ್ಷಿಸಿ. ಅಂಥವುಗಳಲ್ಲಿ 65ರಿಂದ 85 ಶೇಕಡಾ ಕಿವುಡು. ಬೆಕ್ಕಿನ ಬೆನ್ನ ಹಿಂದೆ, ಕಾಣದ ಜಾಗದಲ್ಲಿ ನಿಂತು ಪ್ಲಾಸ್ಟಿಕ್ ಕವರ್ ಕರಕರ ಅನ್ನಿಸಿ. ಚಪ್ಪಾಳೆ ಹೊಡೆದರೆ ಗಾಳಿ ಮೈಗೆ ತಾಗುತ್ತದೆ, ಕಾಲು ಅಪ್ಪಳಿಸಿದರೆ ನೆಲದ ಅದುರು ಗೊತ್ತಾಗುತ್ತದೆ, ಎರಡರಿಂದಲೂ ಮೋಸ ಹೋಗುತ್ತೀರಿ. ಕಿವುಡು ಎಂದು ತಿಳಿದರೆ ಲೈಟನ್ನು ಎರಡು ಸಲ ಆರಿಸಿ ಹಚ್ಚುವುದೇ ಅದರ ಹೆಸರಾಗಲಿ. ಅಂಥ ಬೆಕ್ಕನ್ನು ತುಮಕೂರಿನ ಬಿ.ಎಚ್. ರಸ್ತೆಯಂಥ, ವಾಹನ ಹೆಚ್ಚು ಓಡಾಡುವ ರಸ್ತೆ ಪಕ್ಕದ ಮನೆಯಲ್ಲಿ ಹೊರಗೆ ಬಿಡಬಾರದು.

ಇನ್ನು ಕಲಿಸುವುದು. ಮರಿ 8 ವಾರ ತಾಯಿಯ ಜೊತೆ ಇದ್ದು ಬಂದಿರಲಿ. ಬಂದ ಎರಡು ದಿನ ಒಂದು ಕೋಣೆಯಲ್ಲಿ ಹೊಂದಿಕೊಳ್ಳಲು ಬಿಡಿ, ಹೆಸರಿನ ಅವಸರ ಬೇಡ. ಮೂರನೆಯ ದಿನ, ಹಸಿವಿರುವ ಹೊತ್ತಿಗೆ, ಒಂದು ಮೀಟರ್ ದೂರದಿಂದ ಹೆಸರನ್ನು ಒಂದೇ ಸಲ ಹೇಳಿ. ಕಿವಿ ಅಥವಾ ಕಣ್ಣು ನಿಮ್ಮ ಕಡೆ ತಿರುಗಿದ ಒಂದೆರಡು ಸೆಕೆಂಡಿನೊಳಗೆ ಕಡಲೆಕಾಳಿನ ಗಾತ್ರದ ತಿಂಡಿ ಬಾಯ ಹತ್ತಿರ ಹೋಗಬೇಕು. ತಡವಾದರೆ ಅದು ಬೇರೆ ಯಾವುದಕ್ಕೋ ಬಹುಮಾನವಾಗುತ್ತದೆ. ಹೀಗೆ ಐದು ಸಲ, ಅಷ್ಟಕ್ಕೇ ನಿಲ್ಲಿಸಿ. ದಿನಕ್ಕೆ ಎರಡು ಮೂರು ಸರದಿ. ನಾಲ್ಕೈದು ದಿನಕ್ಕೆ ಮೂರು ಮೀಟರ್, ಆಮೇಲೆ ಪಕ್ಕದ ಕೋಣೆ, ಕೊನೆಗೆ ಹಿತ್ತಿಲು. ಎರಡು ವಾರದಲ್ಲಿ ಹೆಚ್ಚಿನ ಮರಿಗಳು ಹಿಡಿದುಕೊಳ್ಳುತ್ತವೆ. ತಿಂಡಿ ಅಂದರೆ ಬೇಯಿಸಿದ ಕೋಳಿಯ ಚೂರು, ಉಪ್ಪು, ಮಸಾಲೆ, ಮುಖ್ಯವಾಗಿ ಈರುಳ್ಳಿ-ಬೆಳ್ಳುಳ್ಳಿ ಸೋಕದ್ದು, ಅವೆರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಾಂಸ ಬೇಯಿಸದ ಮನೆಯವರು ಬೆಕ್ಕಿನ ಒಣ ಆಹಾರದ ಒಂದೊಂದು ಕಾಳು ಕೊಟ್ಟರೆ ಸಾಕು. ಇದೆಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ.

ಕೆಡಿಸುವ ವಿಧಾನಗಳು ಸುಲಭ. 'ಚುಕ್ಕಿ ಚುಕ್ಕಿ ಚುಕ್ಕಿ' ಎಂದು ಏಳು ಸಲ ಕೂಗಿದರೆ ಏಳನೆಯದಕ್ಕೆ ಬಂದರೆ ಸಾಕು ಎಂದು ಕಲಿಯುತ್ತದೆ. ಹೆಸರು ಹಿಡಿದು ಬೈದರೆ ಆ ಹೆಸರು ಬೈಗುಳ. ಬೈಯಲೇಬೇಕಿದ್ದರೆ 'ಏಯ್' ಇದೆ. ಎಲ್ಲಕ್ಕಿಂತ ಕೆಟ್ಟದ್ದು, ಹೆಸರು ಕರೆದು ಹತ್ತಿರ ಬಂದ ಮೇಲೆ ಜಂತುಹುಳು ಮಾತ್ರೆ ತುರುಕುವುದು, ಬುಟ್ಟಿಗೆ ಹಾಕಿ ಮುಚ್ಚುವುದು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತಲ್ಲ? ಮಾತ್ರೆಯ ದಿನ ಕರೆಯದೆ, ನೀವೇ ಹೋಗಿ ಎತ್ತಿಕೊಳ್ಳಿ.

ಎರಡು ಬೆಕ್ಕಿದ್ದರೆ ಮಿನ್ನಿ-ಚಿನ್ನಿ ಎಂಬ ಜೋಡಿ ಬೇಡ, ಸ್ವರ ಬೇರೆ ಇರಲಿ: ಚುಕ್ಕಿ ಮತ್ತು ಕರಿಯ. ಮೇಲೆ ಹೇಳಿದ ಜಪಾನಿನ ಅಧ್ಯಯನದಲ್ಲಿ ಕೆಫೆಯ ಬೆಕ್ಕುಗಳು ತಮ್ಮ ಹೆಸರನ್ನು ಜೊತೆಯವುಗಳ ಹೆಸರಿನಿಂದ ಬೇರೆ ಮಾಡಿ ಗುರುತಿಸಿದಂತೆ ಕಾಣಲಿಲ್ಲ. ಒಂದನ್ನು ಕರೆದರೆ ಎಲ್ಲಕ್ಕೂ ತಿಂಡಿ ಸಿಗುವ ಕಡೆ ಕಾರಣ ಊಹಿಸುವುದು ಕಷ್ಟವಲ್ಲ. ಕಲಿಸುವ ಎರಡು ವಾರ ಬೇರೆ ಬೇರೆ ಕೋಣೆಯಲ್ಲಿ ಕಲಿಸಿ.

ಬೇರೆಯವರ ಮನೆಯಿಂದ ಬಂದ ದೊಡ್ಡ ಬೆಕ್ಕಿನ ಹೆಸರು ಬದಲಿಸಬಹುದು, ವಯಸ್ಸಿನ ಅಡ್ಡಿಯಿಲ್ಲ. ಕ್ರಮ ಮಾತ್ರ ತಪ್ಪಬಾರದು: ಹೊಸ ಹೆಸರು ಮೊದಲು, ತಕ್ಷಣ ಹಳೆಯದು, ಆಮೇಲೆ ತಿಂಡಿ. ತುಂಬಾ ಜನ ಹಳೆಯದನ್ನು ಮೊದಲು ಹೇಳುತ್ತಾರೆ. ಆಗ ಬೆಕ್ಕು ಹಳೆಯದಕ್ಕೇ ತಿರುಗಿಬಿಡುತ್ತದೆ, ಹಿಂದೆ ಬಂದ ಹೊಸದು ಕಿವಿಗೇ ಬೀಳದು. ವಾರದ ಮೇಲೆ ಹಳೆಯದನ್ನು ಮೆತ್ತಗೆ ಹೇಳಿ, ಆಮೇಲೆ ಬಿಡಿ.

ಲಸಿಕೆ ಕಾರ್ಡಿನಲ್ಲಿ ಕರೆಯುವ ಹೆಸರನ್ನೇ ಬರೆಸಿ, ಪಕ್ಕದಲ್ಲಿ ಲಿಂಗ, ಬಣ್ಣ, ಅಂದಾಜು ಹುಟ್ಟಿದ ವಾರ, ಮೊಬೈಲ್ ನಂಬರ್ ಇರಲಿ. ಒಂದೇ ದಿನ ಎರಡು 'ಕಿಟ್ಟಿ' ಬಂದರೆ ಕಾರ್ಡ್ ಅದಲುಬದಲಾಗದಂತೆ ತಡೆಯುವುದು ಈ ಸಾಲುಗಳೇ. ಕೊರಳ ಪಟ್ಟಿ ಕಟ್ಟುವುದಾದರೆ ಎಳೆದರೆ ತಾನೇ ಬಿಚ್ಚಿಕೊಳ್ಳುವಂಥದ್ದು ಕಟ್ಟಿ, ಎರಡು ಬೆರಳು ತೂರುವಷ್ಟು ಸಡಿಲ ಇರಲಿ, ಬಿಲ್ಲೆಯ ಮೇಲೆ ಹೆಸರಿಗಿಂತ ಫೋನ್ ನಂಬರ್ ದೊಡ್ಡದಾಗಿರಲಿ. ಮತ್ತೆ, ವರ್ಷಗಟ್ಟಲೆ ಹೆಸರಿಗೆ ಕಿವಿ ತಿರುಗಿಸುತ್ತಿದ್ದ ಬೆಕ್ಕು ಒಮ್ಮೆಗೇ ನಿಲ್ಲಿಸಿದರೆ ಸಿಟ್ಟೆಂದು ತಿಳಿಯಬೇಡಿ. ಕಿವಿ ಮಡಚಿ ಬೆಳಕಿಗೆ ಹಿಡಿದು ನೋಡಿ. ಒಳಗೆ ಕಾಫಿ ಪುಡಿಯಂಥ ಕಪ್ಪು ಕಸ ಇದ್ದು ತಲೆ ಕೊಡವುತ್ತಿದ್ದರೆ ಅದು ಕಿವಿ ನುಸಿಯ ಗುರುತು. ಕಡ್ಡಿ, ಎಣ್ಣೆ ಹಾಕದೆ ಪಶು ಆಸ್ಪತ್ರೆಗೆ ತನ್ನಿ. ಕಿವಿ ಶುಭ್ರವಾಗಿದ್ದೂ ಮಂಚದ ಕೆಳಗೆ ಸೇರಿ ಊಟ ಬಿಟ್ಟಿದ್ದರೆ ಅದೇ ದಿನ ತನ್ನಿ.