ಹಾರ್ಟ್ ‘ಫೇಲ್’ ಆದಮೇಲೂ ಮನುಷ್ಯ ಬದುಕಿರುವುದು ಹೇಗೆ?

ಪ್ರಶ್ನೆ: ಅಪ್ಪನ ರಿಪೋರ್ಟಿನಲ್ಲಿ ‘ಹಾರ್ಟ್ ಫೇಲ್ಯೂರ್’ ಅಂತ ಬರೆದಿದ್ದಾರೆ. ಅಪ್ಪ ನೋಡಿದರೆ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದಾರೆ. ಫೇಲ್ ಅಂದರೆ ಮುಗಿದೇಹೋಯಿತು ಅಂತ ಅಲ್ವಾ?

ಅಲ್ಲ. ಮೊದಲು ಧೈರ್ಯ ತಂದುಕೊಳ್ಳಿ. ನಮ್ಮ ಸೋದರತ್ತೆಗೆ ಇದೇ ಕಾಯಿಲೆ ಅಂತ ಗೊತ್ತಾದ ದಿನ ಮನೆಮಂದಿಯೆಲ್ಲ ಅತ್ತಿದ್ದೆವು. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಅವರು ಮೂರು ದಿಂಬು ಒಟ್ಟಿಕೊಂಡು ಒರಗುತ್ತಿದ್ದರು. ಸಂಜೆ ಹೊತ್ತಿಗೆ ಪಾದ ಊದುತ್ತಿತ್ತು, ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಮಾತ್ರೆ ಶುರುವಾಯಿತು, ಊಟದಲ್ಲಿ ಉಪ್ಪು ಕಡಿಮೆಯಾಯಿತು. ಆಮೇಲೂ ಎಷ್ಟೋ ವರ್ಷ ನಮ್ಮ ಜೊತೆ ಇದ್ದರು.

ಗೊಂದಲ ಹುಟ್ಟುವುದು ನಮ್ಮ ಬಾಯಿಮಾತಿನಿಂದ. ಯಾರಾದರೂ ದಿಢೀರನೆ ತೀರಿಕೊಂಡರೆ ‘ಹಾರ್ಟ್ ಫೇಲ್ ಆಯ್ತಂತೆ’ ಅನ್ನುತ್ತೇವೆ. ಡಾಕ್ಟರುಗಳ ಭಾಷೆಯಲ್ಲಿ ಹೃದಯ ನಿಂತುಹೋಗುವುದಕ್ಕೆ ಕಾರ್ಡಿಯಾಕ್ ಅರೆಸ್ಟ್ ಅಂತ ಹೆಸರು. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಅದು ಹಾರ್ಟ್ ಅಟ್ಯಾಕ್. ಹಾರ್ಟ್ ಫೇಲ್ಯೂರ್ ಇವೆರಡೂ ಅಲ್ಲ. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಮೈಗೆ ಬೇಕಾದಷ್ಟು ರಕ್ತ ಒದಗಿಸುವುದು ಅದಕ್ಕೆ ಕಷ್ಟವಾಗಿರುತ್ತದೆ. ಹಗುರವಾಗಿ ತೆಗೆದುಕೊಳ್ಳುವ ಕಾಯಿಲೆ ಅಲ್ಲ, ನಿಜ. ಆದರೆ ಔಷಧಿಯ ಬಲದಲ್ಲಿ ವರ್ಷಗಟ್ಟಲೆ ಬದುಕುವವರು ಬೇಕಾದಷ್ಟು ಜನ ಇದ್ದಾರೆ.

ರಿಪೋರ್ಟಿನಲ್ಲಿ ‘ಇಎಫ್’ (ಎಜೆಕ್ಷನ್ ಫ್ರ್ಯಾಕ್ಷನ್) ಅಂತ ಒಂದು ಅಂಕಿಯೂ ಇರಬಹುದು. ಹೃದಯ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಅದು. ಅದನ್ನು ನೂರಕ್ಕೆ ಇಷ್ಟು ಮಾರ್ಕ್ಸ್ ಅಂತ ಓದಬೇಡಿ. ಗಟ್ಟಿಮುಟ್ಟಾದ ಹೃದಯ ಕೂಡ ಒಂದು ಬಡಿತಕ್ಕೆ ತನ್ನೊಳಗೆ ತುಂಬಿದ ರಕ್ತದಲ್ಲಿ ಸುಮಾರು 50ರಿಂದ 70 ಪರ್ಸೆಂಟ್ ಮಾತ್ರ ಹೊರಗೆ ತಳ್ಳುತ್ತದೆ. 60 ಇದ್ದರೆ ನಲವತ್ತು ಕಮ್ಮಿ ಬಂತು ಅಂತ ಅಲ್ಲ. ಆ ಒಂದು ಅಂಕಿಯಿಂದಲೇ ಎಲ್ಲ ತೀರ್ಮಾನವಾಗುವುದೂ ಇಲ್ಲ.

ಫೇಲ್ ಅನ್ನುವ ಪದವನ್ನು ನಾವು ಕಲಿತದ್ದು ಶಾಲೆಯಲ್ಲಿ. ಅಲ್ಲಿ ಪಾಸು, ಇಲ್ಲಾ ಡುಮ್ಕಿ. ನಡುವೆ ಏನೂ ಇಲ್ಲ. ಆದರೆ ಅದರ ಬೇರು ಲ್ಯಾಟಿನ್ನಿನ ‘ಫಾಲೆರೆ’, ಅಂದರೆ ಮೋಸ ಮಾಡು. ಫ್ರೆಂಚ್ ದಾರಿ ಹಿಡಿದು ಇಂಗ್ಲಿಷಿಗೆ ಬಂದಿದೆ. ಫಾಲ್ಸ್, ಫಾಲ್ಟ್ ಎರಡೂ ಅದರ ಒಡಹುಟ್ಟಿದವು. ಇದಕ್ಕೆ ಸರಿಜೋಡಿಯಾದ ಮಾತು ನಮ್ಮಲ್ಲೇ ಇದೆ: ಕೈಕೊಡು. ಮಳೆ ಕೈಕೊಟ್ಟಿತು. ಬ್ರೇಕ್ ಕೈಕೊಟ್ಟಿತು. ನಂಬಿದ ಗೆಳೆಯ ಕೈಕೊಟ್ಟ. ಮೂರು ಕಡೆಯೂ ನಾವು ಯಾವುದನ್ನೋ ನೆಚ್ಚಿಕೊಂಡಿದ್ದೆವು, ಅದು ಹೊತ್ತಿಗೆ ಆಗಲಿಲ್ಲ. ನೂರಾರು ಅಡಿ ಕೊರೆಸಿದ ರೈತ ‘ಬೋರ್ ಫೇಲ್ ಆಯ್ತು’ ಅನ್ನುವುದೂ ಈ ಅರ್ಥದಲ್ಲೇ. ನಿಮ್ಮ ತಂದೆಯವರ ರಿಪೋರ್ಟಿನ ಫೇಲ್ಯೂರ್ ಕೂಡ ಈ ಸಾಲಿಗೇ ಸೇರಿದ್ದು, ಮಾರ್ಕ್ಸ್ ಕಾರ್ಡಿನದಲ್ಲ.

ಇನ್ನೊಂದು ಅರ್ಥ ನಮ್ಮ ಕನ್ನಡವನ್ನೇ ಕೆಡಿಸುತ್ತಿದೆ ಅಂತ ನನಗೆ ಬೇಸರ. ‘ಫೇಲ್ಡ್ ಟು ಅಪಿಯರ್’ ಅಂತ ಇಂಗ್ಲಿಷಿನಲ್ಲಿದ್ದರೆ ‘ಹಾಜರಾಗಲು ವಿಫಲರಾದರು’ ಅಂತ ಬರೆದುಬಿಡುತ್ತಾರೆ. ಓದಿದವರಿಗೆ ಪಾಪ, ಬರಲು ತುಂಬಾ ಒದ್ದಾಡಿದರೇನೋ ಅನಿಸುತ್ತದೆ. ಇಂಗ್ಲಿಷಿನ ಆ ಮಾತಿನಲ್ಲಿ ಪ್ರಯತ್ನಪಟ್ಟರು ಅನ್ನುವ ಅರ್ಥ ಇರಲೇಬೇಕೆಂದಿಲ್ಲ. ಬರಬೇಕಾಗಿತ್ತು, ಬರಲಿಲ್ಲ. ‘ಹಾಜರಾಗಲಿಲ್ಲ’ ಅಂದರೆ ಸಾಕು. ನಮ್ಮ ಹಳೆಯ ನೋಟಿಸುಗಳ ಭಾಷೆ ಎಷ್ಟೋ ವಾಸಿ: ‘ಹದಿನೈದು ದಿನದೊಳಗೆ ಹಣ ಕಟ್ಟತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.’ ಇಲ್ಲಿ ‘ತಪ್ಪಿದಲ್ಲಿ’ ಅನ್ನುವುದೇ ಇಂಗ್ಲಿಷಿನ ‘ಫೇಲಿಂಗ್ ವಿಚ್’.

ಡಾಕ್ಟರು ನಿಮ್ಮ ತಂದೆಗೆ ಮಾತ್ರೆಯನ್ನು ‘ವಿದೌಟ್ ಫೇಲ್’ ತಗೊಳ್ಳಿ ಅಂತ ಹೇಳಿರಬಹುದು. ಅದೂ ಇದೇ ತಪ್ಪುವ ಫೇಲ್: ಒಂದು ದಿನವೂ ತಪ್ಪದೆ. ಉಸಿರಾಟ ಸುಧಾರಿಸಿತು ಅಂತ ಸುಮ್ನೆ ನಿಲ್ಲಿಸಬೇಡಿ. ಎರಡು ಮೂರು ದಿನದಲ್ಲಿ ತೂಕ ಒಮ್ಮೆಲೇ ಜಾಸ್ತಿಯಾದರೆ, ಇಲ್ಲವೇ ರಾತ್ರಿ ದಿಂಬಿನ ಮೇಲೆ ದಿಂಬು ಬೇಕೆನಿಸತೊಡಗಿದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಡಾಕ್ಟರಿಗೆ ತಿಳಿಸಿ.